ಸವಾರನ ಬೆನ್ನ ಹಿಂದಿನ ಕೆಲಸ

ಹೋದ ತಿಂಗಳು ನಮ್ಮ ಬೀದಿಯ ಹುಡುಗನೊಬ್ಬ ತನ್ನ ಅಜ್ಜನ ಜಾವಾವನ್ನು ತಳ್ಳಿಕೊಂಡು ಬಂದು ಗೇಟಿನ ಮುಂದೆ ಸ್ಟ್ಯಾಂಡ್ ಹಾಕಿದ. 1970ರ ಗಾಡಿ. ಮರೂನ್ ಬಣ್ಣ ಅಲ್ಲಲ್ಲಿ ಮಾಸಿತ್ತು, ಟ್ಯಾಂಕಿನ ಕ್ರೋಮ್ ಮೇಲೆ ಕಂದು ಚುಕ್ಕೆ ಎದ್ದಿತ್ತು; ಆದರೆ ತಗಡೆಲ್ಲ ಗಟ್ಟಿಯಾಗಿತ್ತು. ಹಿಂದಿನ ಮಡ್‌ಗಾರ್ಡಿನ ಮೇಲೆ ಅವನು ಬಿಳಿ ಮಾರ್ಕರಿನಲ್ಲಿ ಅಡ್ಡಗೆರೆ ಎಳೆದಿದ್ದ. “ಇಲ್ಲಿಂದ ಕೆಳಗೆ ಕತ್ತರಿಸಿಬಿಡೋಣ ಅಂತಿದ್ದೀನಿ. ಹಳೇ ಟೈಲ್ ಲ್ಯಾಂಪ್ ತೆಗೆದು ಸೀಟಿನ ಕೆಳಗೊಂದು ಎಲ್‌ಇಡಿ ಪಟ್ಟಿ ಹಾಕಿದರೆ ಸಾಕು. ನೀವು ಒಂದ್ಸಲ ನೋಡಿ” ಅಂದ. ಫೋನಿನಲ್ಲಿ ಬಾಬರ್ ಗಾಡಿಗಳ ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸಿದ. ನನ್ನ ಕಣ್ಣು ಮಾತ್ರ ಆ ಬಿಳಿ ಗೆರೆಯ ಮೇಲೇ ಇತ್ತು. ಅಂಥದೇ ಗೆರೆಯನ್ನು ಸೀಮೆಸುಣ್ಣದಲ್ಲಿ ಎಳೆಯುವುದನ್ನು ಹುಡುಗನಾಗಿದ್ದಾಗ ಮೈಸೂರಿನ ಒಂದು ವರ್ಕ್‌ಶಾಪಿನಲ್ಲಿ ಪಕ್ಕದಲ್ಲೇ ಕೂತು ನೋಡುತ್ತಿದ್ದೆ.

ಅದು ಎಂಬತ್ತರ ದಶಕದ ನಡುವಿನ ಕಾಲ. ಎಸ್ಸೆಸ್ಸೆಲ್ಸಿ ಮುಗಿಸಿದ ನನ್ನನ್ನು ‘ಒಂದು ಕೈಕೆಲಸ ಕಲೀಲಿ’ ಎಂದು ಅಪ್ಪ ಅಶೋಕ ರಸ್ತೆಯ ಹಿಂದಿನ ಗಲ್ಲಿಯೊಂದಕ್ಕೆ ಕರೆದುಕೊಂಡು ಹೋಗಿ ಬಿಟ್ಟಿದ್ದರು. ಹೆಂಚಿನ ಮಾಡು, ಬಾಗಿಲ ಬಳಿ ಪ್ಲಗ್ಗು ಕಾರ್ಬ್ಯುರೇಟರುಗಳು ನೆನೆಯುತ್ತಿದ್ದ ಪೆಟ್ರೋಲ್ ಟ್ರೇ, ಒಳಗೆ ಕತ್ತಲು, ಕತ್ತಲಲ್ಲಿ ಟೂ-ಸ್ಟ್ರೋಕ್ ಎಣ್ಣೆಯ ಸುಟ್ಟ ವಾಸನೆ. ಇಂಜಿನ್ ಕೆಲಸಕ್ಕೆ ಒಬ್ಬರಿದ್ದರು. ತಗಡಿನ ಕೆಲಸ, ವೆಲ್ಡಿಂಗ್, ವೈರಿಂಗ್ ಎಲ್ಲವೂ ನಾವು ಉಸ್ತಾದ್ ಎಂದು ಕರೆಯುತ್ತಿದ್ದ ಹಿರಿಯರದು. ನನ್ನನ್ನು ಅವರ ಕೈಕೆಳಗೆ ಹಾಕಿದರು.

ಆಗಿನ ಮೈಸೂರು ಜಾವಾದ ಊರು. ಇರಾನಿ ಕುಟುಂಬದವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿತ್ತು. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಿಂದ ಅಲ್ಲಿ ಗಾಡಿ ತಯಾರಿಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ನಮ್ಮ ಗಲ್ಲಿಯಲ್ಲಿ ಕಾರ್ಖಾನೆಯ ಕಾರ್ಮಿಕರಿದ್ದರು, ಅವರ ಮಕ್ಕಳಿದ್ದರು, ಅವರಿಂದ ಗಾಡಿ ಕಲಿತ ಮೆಕ್ಯಾನಿಕ್ಕುಗಳಿದ್ದರು. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಕಿಕ್ಕರೇ ಗೇರ್ ಲಿವರೂ ಆಗುತ್ತಿತ್ತು. ಆ ಗಾಡಿಯ ಸದ್ದು ಕೇಳಿಯೇ ಯಾರ ಮನೆಯದು ಬಂತೆಂದು ಹೇಳುವವರಿದ್ದರು.

ಎಲ್ಲರೂ ಜಾವಾದ ಟ್ಯಾಂಕನ್ನು, ಹೆಡ್‌ಲೈಟಿನ ಮನೆಯನ್ನು ಹೊಗಳುತ್ತಾರೆ. ನನಗೆ ಮೊದಲಿನಿಂದಲೂ ಹಿಂಭಾಗವೇ ಹೆಚ್ಚು. 16 ಇಂಚಿನ ಚಕ್ರವನ್ನು ಎರಡೂ ಕಡೆಯಿಂದ ತಬ್ಬಿ ಇಳಿಯುವ ಆಳವಾದ ಮಡ್‌ಗಾರ್ಡ್, ಪೂರ್ತಿ ಮುಚ್ಚಿದ ಚೈನ್ ಕೇಸ್, ಮಡ್‌ಗಾರ್ಡಿನ ಬೆನ್ನಿನ ಮೇಲೆ ಸಣ್ಣ ಟೈಲ್ ಲ್ಯಾಂಪ್. ಅಲ್ಲಿ ಅಲಂಕಾರಕ್ಕೆಂದು ಇಟ್ಟದ್ದು ಏನೂ ಇಲ್ಲ. ಮಡ್‌ಗಾರ್ಡಿನ ಬದಿಗಳು ಇಳಿದಷ್ಟೂ ಕೆಸರು ಹಿಂದೆ ಕೂತವರ ಬೆನ್ನಿಗೆ ಹಾರುವುದಿಲ್ಲ. ಅಂಚನ್ನು ಮಡಚಿ ಸುರುಳಿ ಮಾಡಿರುವುದರಿಂದ ತೆಳು ತಗಡಿಗೂ ಬಿಗಿ ಬರುತ್ತದೆ. ಆ ಸುರುಳಿಯನ್ನು ಕತ್ತರಿಸಿದ ಗಳಿಗೆಯಿಂದ ಮಡ್‌ಗಾರ್ಡ್ ನಡುಗಲು ಶುರುವಾಗುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೋಲ್ಟಿನ ತೂತುಗಳ ಸುತ್ತ ಬಿರುಕು ಕಾಣಿಸಿಕೊಳ್ಳುತ್ತದೆ. ಇದು ನನಗೆ ಪುಸ್ತಕದಿಂದ ಬಂದ ಅರಿವಲ್ಲ. ಉಸ್ತಾದರು ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ತಡೆದು, ಒಳಗಿನಿಂದ ಪಟ್ಟಿ ಕೊಟ್ಟು ಬ್ರೇಜಿಂಗ್ ಮಾಡುವಾಗ ಗಾಡಿಯನ್ನು ಹಿಡಿದುಕೊಂಡು ನಿಲ್ಲುತ್ತಿದ್ದವನು ನಾನೇ.

ಆದರೂ ಆ ವರ್ಷಗಳಲ್ಲಿ ನಮ್ಮ ವರ್ಕ್‌ಶಾಪಿಗೆ ಹೆಚ್ಚು ಹಣ ತಂದ ಕೆಲಸ ಮಡ್‌ಗಾರ್ಡ್ ಕತ್ತರಿಸುವುದೇ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಯುವಕರು ಹಿಂದಿನ ಫೆಂಡರ್ ತುಂಡು ಮಾಡಿ, ಬೇಡವೆನಿಸಿದ್ದನ್ನೆಲ್ಲ ಕಿತ್ತು ಹಗುರವಾದ ಗಾಡಿ ಓಡಿಸುತ್ತಿದ್ದರು. ಬಾಬರ್ ಎಂಬ ರೂಢಿ ಅಲ್ಲಿಂದ ಬಂತು. ನಮ್ಮ ಗಲ್ಲಿಯಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕಾಲೇಜು ಹುಡುಗರು ಇಂಗ್ಲಿಷ್ ಪತ್ರಿಕೆಯಿಂದ ಹರಿದ ಚಿತ್ರವೊಂದನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು. ‘ಹಿಂದೆ ಶಾರ್ಟ್ ಮಾಡಿ ಉಸ್ತಾದ್’ ಎಂಬ ಒಂದೇ ಮಾತು. ಉಸ್ತಾದರು ಸೀಮೆಸುಣ್ಣದ ಗೆರೆ ಎಳೆದು ಹುಡುಗನನ್ನು ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ “ನೋಡು, ಸರಿಯಾ?” ಎಂದು ಕೇಳುತ್ತಿದ್ದರು. ಅವನು ತಲೆಯಾಡಿಸಿದರೆ ಹ್ಯಾಕ್ಸಾ ಬ್ಲೇಡು ತಗಡಿಗೆ ಇಳಿಯುತ್ತಿತ್ತು. ತುಂಡು ಗುಜರಿಗೆ ಹೋಗುತ್ತಿತ್ತು. ಟೈಲ್ ಲ್ಯಾಂಪಿನ ಜಾಗಕ್ಕೆ ಬುಲೆಟ್‌ನ ದೊಡ್ಡ ದೀಪವೋ ಸ್ಕೂಟರಿನ ದೀಪವೋ ಬಂದು ಕೂರುತ್ತಿತ್ತು.

ದೀಪದ ವಿಷಯದಲ್ಲಿ ಉಸ್ತಾದರಷ್ಟು ನಿಷ್ಠುರವಾಗಿದ್ದವರನ್ನು ನಾನು ಮತ್ತೆ ಕಂಡಿಲ್ಲ. ಹಳೆಯ ಜಾವಾದ ಡೈನಮೊ 6 ವೋಲ್ಟಿನದು, 45 ವ್ಯಾಟಿನದು. ಹೆಡ್‌ಲೈಟ್ ಹೊತ್ತಿಸಿದ ಮೇಲೆ ಉಳಿಯುವುದು ಅಷ್ಟಕ್ಕಷ್ಟೆ. ಗಾಡಿ ನಿಂತು ಗುಡುಗುಡು ಎನ್ನುವಾಗಲಂತೂ ಡೈನಮೊ ಚಾರ್ಜನ್ನೇ ಕೊಡುವುದಿಲ್ಲ; ದೀಪದ ಭಾರವೆಲ್ಲ ಬ್ಯಾಟರಿಯ ಮೇಲೆ. ಅಂಥ ಗಾಡಿಗೆ 21 ವ್ಯಾಟಿನ ಬ್ರೇಕ್ ಬಲ್ಬ್ ಹಾಕಿದರೆ ಅದೊಂದೇ ಮೂರೂವರೆ ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಎಲ್ಲಾದರೂ ತುಕ್ಕು ಹಿಡಿದಿದ್ದರೆ ಆ ಕರೆಂಟು ದೀಪ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಹಿಂದಿನ ದೀಪದಿಂದ ಕರೆಂಟು ಬ್ಯಾಟರಿಗೆ ವಾಪಸ್ಸಾಗುವುದು ಮಡ್‌ಗಾರ್ಡಿನ ತಗಡಿನ ಮೂಲಕವೇ. ಮೇಲೆ ಬಣ್ಣದ ಮೇಲೆ ಬಣ್ಣ ಬಳಿದು ಬೋಲ್ಟ್ ಬಿಗಿದರೆ ಅರ್ಥಿಂಗ್ ಸಿಗುವುದಿಲ್ಲ. ಆಗ ಬ್ರೇಕ್ ಒತ್ತಿದರೆ ದೀಪ ಜೋರಾಗಿ ಹೊತ್ತುವ ಬದಲು ಮಂಕಾಗುತ್ತದೆ. ಅದಕ್ಕೇ ಉಸ್ತಾದರು ಹೊಸ ಬಣ್ಣದ ಗಾಡಿಯಾದರೂ ಒಂದು ಬೋಲ್ಟಿನ ಕೆಳಗೆ ಉಪ್ಪುಕಾಗದದಿಂದ ಬಣ್ಣ ಉಜ್ಜಿ, ಬಿಳಿ ಲೋಹ ಕಾಣುವಂತೆ ಮಾಡಿ, ಅಲ್ಲಿಂದ ಫ್ರೇಮಿಗೆ ಒಂದು ಕಪ್ಪು ವೈರನ್ನು ಪ್ರತ್ಯೇಕವಾಗಿ ಎಳೆಯುತ್ತಿದ್ದರು. ಮಡ್‌ಗಾರ್ಡಿನ ಒಳಮೈಯಲ್ಲಿ ಹೋಗುವ ವೈರಿನ ಒಂದೊಂದು ಕ್ಲಿಪ್ಪನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಕ್ಲಿಪ್ ಬಿಟ್ಟುಕೊಂಡು ವೈರು ಜೋತುಬಿದ್ದರೆ, ಗಾಡಿ ಹಳ್ಳಕ್ಕಿಳಿದಾಗ ಮೇಲೇಳುವ ಟೈರು ಅದನ್ನು ತಿಂದುಹಾಕುತ್ತದೆ.

“ಹೆಡ್‌ಲೈಟ್ ಹೋದರೆ ಸವಾರನಿಗೆ ತಕ್ಷಣ ಗೊತ್ತಾಗುತ್ತೆ. ಹಿಂದಿನ ದೀಪ ಹೋದರೆ ಅವನಿಗೆ ಗೊತ್ತೇ ಆಗಲ್ಲ, ಹಿಂದೆ ಬರೋ ಲಾರಿಯವನಿಗೆ ಗೊತ್ತಾಗುತ್ತೆ” ಎನ್ನುತ್ತಿದ್ದರು. ಸಂಜೆ ಗಾಡಿ ಕೊಡುವ ಮೊದಲು ನನ್ನನ್ನು ಗಲ್ಲಿಯ ತುದಿಗೆ ಓಡಿಸುತ್ತಿದ್ದರು. ತಾವು ಬ್ರೇಕ್ ಒತ್ತಿ “ಕಾಣ್ತಾ?” ಎಂದು ಕೂಗುತ್ತಿದ್ದರು. ಕಂಡಿತು ಎಂದರೆ ಮಾತ್ರ ಗಾಡಿ ಹೊರಗೆ. ಟೂ-ಸ್ಟ್ರೋಕ್ ಗಾಡಿಯ ಹೊಗೆ ಹಿಂದಿನ ಕೆಂಪು ಲೆನ್ಸಿನ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ. ಪ್ರತಿ ಸರ್ವಿಸಿಗೂ ಲೆನ್ಸನ್ನು ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆಯುವುದು ನನ್ನ ಪಾಲಿನ ಕೆಲಸವಾಗಿತ್ತು.

ಒಬ್ಬ ಗಿರಾಕಿಯ ನೆನಪು ಈಗಲೂ ಕಾಡುತ್ತದೆ. ಸರ್ಕಾರಿ ಕಚೇರಿಯಲ್ಲಿ ಹೊಸದಾಗಿ ಕೆಲಸ ಸಿಕ್ಕಿದ್ದ ಯುವಕ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು ಹಿಂದಿನ ಮಡ್‌ಗಾರ್ಡ್ ಕತ್ತರಿಸಿಸಿದ. ಅದರ ಜೊತೆಗೆ ಸೀರೆ ಗಾರ್ಡ್ ಕೂಡ ಬಿಚ್ಚಿಸಿದ. ‘ಬರೀ ಕಬ್ಬಿಣದ ಜಾಲರಿ, ಚೆಂದ ಕೆಡಿಸುತ್ತೆ’ ಎಂದಿದ್ದ. ಮುಂದಿನ ವರ್ಷ ಅವನ ಮದುವೆಯಾಯಿತು. ಹೊಸದರಲ್ಲೇ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟಿದ್ದಾನೆ. ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತ ಆ ಹುಡುಗಿಯ ಸೆರಗು ಗಾಳಿಗೆ ಹಾರಿ ಚಕ್ರಕ್ಕೆ ಸಿಕ್ಕಿಕೊಂಡಿದೆ. ಗಾಡಿ ನಿಧಾನವಾಗಿ ಹೋಗುತ್ತಿದ್ದರಿಂದ ಜೀವ ಉಳಿಯಿತು, ಕೈ ಮುರಿಯಿತು. ಅವನು ಮಾರನೆಯ ದಿನವೇ ಗಾಡಿ ತಂದು ನಿಲ್ಲಿಸಿ, ಕತ್ತರಿಸಿದ ತುಂಡನ್ನು ಮತ್ತೆ ಬೆಸೆದುಕೊಡಿ ಎಂದ. ಆ ತುಂಡು ಎಂದೋ ಗುಜರಿಯ ತಕ್ಕಡಿ ಹತ್ತಿಯಾಗಿತ್ತು.

ಆಗ ಉಸ್ತಾದರು ಮಾಡಿದ ಕೆಲಸವನ್ನು ನಾನು ಸಾಯುವವರೆಗೂ ಮರೆಯಲಾರೆ. 18 ಗೇಜಿನ ತಗಡು ತರಿಸಿದರು, ಸುಮಾರು 1.2 ಮಿಲಿಮೀಟರ್ ದಪ್ಪದ್ದು. ಇನ್ನೊಂದು ಜಾವಾದ ಮಡ್‌ಗಾರ್ಡಿನ ಮೇಲೆ ರಟ್ಟು ಹಾಸಿ ಅಚ್ಚು ತೆಗೆದರು. ತಗಡನ್ನು ಮರಳಿನ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಒಳಗಿನಿಂದ ಹೊರಕ್ಕೆ ತಟ್ಟುತ್ತಾ ಬಂದರು. ನಡುವೆ ತಗಡು ಹಿಗ್ಗಬೇಕು, ಅಂಚಿನಲ್ಲಿ ಕುಗ್ಗಬೇಕು. ಎರಡೂ ಒಟ್ಟಿಗೆ ನಡೆದರೆ ಮಾತ್ರ ಆ ಬಾಗು ಬರುತ್ತದೆ. ಕೊನೆಗೆ ಅಂಚಿನೊಳಗೆ ಕಬ್ಬಿಣದ ತಂತಿ ಇಟ್ಟು ತಗಡನ್ನು ಅದರ ಸುತ್ತ ಮಡಚಿದರು. ಹಿಂದಿನ ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ, ಚಕ್ರವನ್ನು ಪೂರ್ತಿ ಮೇಲೆತ್ತಿ, ಟೈರು ಎಲ್ಲೂ ತಾಗುವುದಿಲ್ಲವೆಂದು ಖಾತರಿ ಮಾಡಿಕೊಂಡ ಮೇಲೆ ಬೋಲ್ಟಿನ ತೂತು ಕೊರೆದರು. ರೆಡ್ ಆಕ್ಸೈಡ್, ಪುಟ್ಟಿ, ಮತ್ತೆ ಉಪ್ಪುಕಾಗದ, ಆಮೇಲೆ ಮರೂನ್. ಚಿನ್ನದ ಬಣ್ಣದ ಗೆರೆ ಎಳೆಯಲು ಪಕ್ಕದ ಗಲ್ಲಿಯ ಪೇಂಟರ್ ಬಂದರು. ಅವರು ಉದ್ದ ಕೂದಲಿನ ಕುಂಚ ಹಿಡಿದು, ಕಿರುಬೆರಳನ್ನು ತಗಡಿನ ಅಂಚಿಗೆ ಆನಿಸಿ, ಉಸಿರು ಬಿಗಿಹಿಡಿದು ಗೆರೆ ಎಳೆಯುವಾಗ ವರ್ಕ್‌ಶಾಪಿನಲ್ಲಿ ಯಾರೂ ಸುತ್ತಿಗೆ ಎತ್ತುತ್ತಿರಲಿಲ್ಲ. ಸೀರೆ ಗಾರ್ಡನ್ನು ಉಸ್ತಾದರು ಹಣ ತೆಗೆದುಕೊಳ್ಳದೆ ಹಾಕಿಕೊಟ್ಟರು.

ಇಷ್ಟು ದೊಡ್ಡ ಕಲೆಗಾರನನ್ನು ನಾನು ಬಹಳ ವರ್ಷ ದೇವರೆಂದೇ ನಂಬಿದ್ದೆ. ಈಗ ಯೋಚಿಸಿದಾಗ ಬೇರೆ ಸಂಗತಿಗಳೂ ಕಾಣುತ್ತವೆ. ಸುರುಳಿ ಅಂಚು ಕತ್ತರಿಸಿದರೆ ಬಿರುಕು ಬರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗಿರಾಕಿಗೆ ಹೇಳುತ್ತಿರಲಿಲ್ಲ. ಕತ್ತರಿಸುವುದಕ್ಕೂ ಹಣ ಸಿಗುತ್ತಿತ್ತು, ಆಮೇಲೆ ಬಿರುಕು ಬೆಸೆಯುವುದಕ್ಕೂ ಸಿಗುತ್ತಿತ್ತು. ಆ ಅಪಘಾತದ ನಂತರವೂ ಕತ್ತರಿಸುವುದು ನಿಲ್ಲಲಿಲ್ಲ. “ನಾನು ಬೇಡ ಅಂದರೆ ಪಕ್ಕದ ಗಲ್ಲಿಗೆ ಹೋಗ್ತಾರೆ” ಎಂಬುದು ಅವರ ಸಮಜಾಯಿಷಿ. ಹೆಲ್ಪರ್ ಹುಡುಗರಿಗೆ ಏಟು ಬೀಳುತ್ತಿದ್ದವು. ವೆಲ್ಡಿಂಗ್ ಮಾಡುವಾಗ ಕನ್ನಡಕ ಇದ್ದದ್ದು ಅವರೊಬ್ಬರಿಗೇ. ಪಕ್ಕದಲ್ಲಿ ಹಿಡಿದು ನಿಂತ ಹುಡುಗರ ಕಣ್ಣು ರಾತ್ರಿ ಊದಿಕೊಂಡು, ಮನೆಯಲ್ಲಿ ಆಲೂಗಡ್ಡೆ ಬಿಲ್ಲೆ ಇಟ್ಟು ಮಲಗಿಸುತ್ತಿದ್ದರು. ಮಧ್ಯಾಹ್ನ ತಮ್ಮ ಡಬ್ಬಿಯ ಊಟವನ್ನು ನಮಗೆ ಹಂಚಿ ತಾವು ಅರ್ಧ ಹೊಟ್ಟೆ ಉಣ್ಣುತ್ತಿದ್ದವರೂ ಅವರೇ. ಎರಡೂ ನಿಜ. ಒಂದನ್ನು ನೆನೆದು ಇನ್ನೊಂದನ್ನು ಮರೆಯುವುದು ಅವರಿಗೂ ಆ ಹುಡುಗರಿಗೂ ಮಾಡುವ ಅನ್ಯಾಯ.

ಇನ್ನೊಂದು ಮಾತನ್ನೂ ಹೇಳಬೇಕು. ಆ ಕಾಲದ ‘ಶಾರ್ಟ್’ ಗಾಡಿಗಳೆಲ್ಲ ಗಂಡು ಹುಡುಗನೊಬ್ಬ ಒಂಟಿಯಾಗಿ ಓಡಿಸುವ ಗಾಡಿಗಳು. ಹಿಂದೆ ತಾಯಿ ಕೂರಬಹುದು, ತಂಗಿ ಕೂರಬಹುದು, ಸೀರೆ ಉಟ್ಟವರು ಕೂರಬಹುದು ಎಂಬ ಲೆಕ್ಕವೇ ಆ ಚೆಂದದಲ್ಲಿರಲಿಲ್ಲ. ಕಂಪನಿಯ ಗಾಡಿಯಲ್ಲಿ ಆ ಲೆಕ್ಕ ಇತ್ತು. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳೂ 1989ರಿಂದ ಹೇಳುತ್ತಿವೆ.

ನಾನು ಆಮೇಲೆ ಐಟಿಐ ಸೇರಿದೆ, ಬೆಂಗಳೂರಿನಲ್ಲಿ ಕೆಲಸ ಹಿಡಿದೆ. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಬಿಡಿಭಾಗಗಳು ಒಂದೊಂದಾಗಿ ಅಂಗಡಿಗಳಿಂದ ಮರೆಯಾದವು. ಆಗ ಗಾಡಿ ಉಳಿಸಿಕೊಂಡವರು ಮನಸ್ಸಿಗೆ ಬಂದಂತೆ ಬದಲಾಯಿಸಿದರೆಂದು ದೂರುವುದು ತಪ್ಪು. ಒಡೆದ ಲೆನ್ಸಿಗೆ ಇನ್ನೊಂದು ಲೆನ್ಸ್ ಸಿಗದಿದ್ದಾಗ ಸಿಕ್ಕಿದ ದೀಪ ಹಾಕಿಕೊಂಡರು. ತುಕ್ಕು ತಿಂದ ಮಡ್‌ಗಾರ್ಡಿಗೆ ಬೇರೆ ಗಾಡಿಯದನ್ನು ಹೊಂದಿಸಿಕೊಂಡರು. ಹಾಲಿನ ಕ್ಯಾನ್ ಹೊತ್ತು ಮಂಡ್ಯದ ಹಳ್ಳಿಗಳಲ್ಲಿ ಓಡಿದ ಯೆಜ್ಡಿಗಳು ಉಳಿದದ್ದು ಇಂಥ ಹೊಂದಾಣಿಕೆಯಿಂದಲೇ. ‘ಒರಿಜಿನಲ್ ಅಲ್ಲ’ ಎಂದು ಆ ಗಾಡಿಗಳನ್ನು ಕೀಳಾಗಿ ನೋಡುವವರ ಜೊತೆ ನನಗೆ ಸಹಮತವಿಲ್ಲ. ಅಗತ್ಯಕ್ಕಾಗಿ ಬದಲಾಯಿಸಿದ್ದು ಗಾಡಿಯನ್ನು ಉಳಿಸಿತು. ಗಟ್ಟಿಯಾಗಿದ್ದ ತಗಡನ್ನು ಷೋಕಿಗಾಗಿ ಕತ್ತರಿಸಿದ್ದು ಮರಳಿ ಬಾರದ ಭಾಗವೊಂದನ್ನು ನಾಶಮಾಡಿತು. ಈ ಎರಡರ ನಡುವಿನ ವ್ಯತ್ಯಾಸ ದೊಡ್ಡದು.

ಈಗ ಕಾಲ ಮತ್ತೆ ತಿರುಗಿದೆ. ಜಾವಾ ಹೆಸರಿನಲ್ಲಿ 2018ರಲ್ಲಿ, ಯೆಜ್ಡಿ ಹೆಸರಿನಲ್ಲಿ 2022ರಲ್ಲಿ ಹೊಸ ಗಾಡಿಗಳು ಬಂದಿವೆ. ಹಳೆಯ ಗಾಡಿಗಳ ಬೆಲೆ ಏರಿದೆ. ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂತು. ವಾಹನ ಮೂಲ ರೂಪದಲ್ಲಿರಬೇಕು, ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಅದರ ಷರತ್ತು. ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ನಮ್ಮ ಬೀದಿಯ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಕಾನೂನಿನ ಮಾತು ಅವನಿಗೆ ಅಷ್ಟು ನಾಟಲಿಲ್ಲ. ಮಡ್‌ಗಾರ್ಡಿನ ಅಂಚಿನ ಸುರುಳಿಯ ಮೇಲೆ ಅವನ ಬೆರಳು ಇಡಿಸಿ, ಅದು ಯಾಕಿದೆ ಎಂದು ವಿವರಿಸಿದಾಗ ಮುಖ ಬದಲಾಯಿತು.

ಅವನ ಆಸೆ ಕೆಟ್ಟದ್ದೇನಲ್ಲ. ತನ್ನ ಗಾಡಿ ತನ್ನ ಹಾಗೆ ಕಾಣಲಿ ಎಂಬುದು ಸಹಜ. ಮಡ್‌ಗಾರ್ಡಿಗೆ ಗರಗಸ ತಾಕಿಸದೆಯೂ ಮಾಡುವುದು ಬೇಕಾದಷ್ಟಿದೆ. ದೀಪದ ಮನೆಯನ್ನು ಹಾಗೇ ಉಳಿಸಿ ಒಳಗೆ 6 ವೋಲ್ಟಿನ ಎಲ್‌ಇಡಿ ಬಲ್ಬ್ ಹಾಕಿದರೆ ಬ್ಯಾಟರಿಯ ಭಾರ ಇಳಿಯುತ್ತದೆ, ಬ್ರೇಕ್ ದೀಪ ಹಗಲಿನಲ್ಲೂ ಎದ್ದು ಕಾಣುತ್ತದೆ. ಕೆಂಪು ಲೆನ್ಸಿನ ಹಿಂದೆ ಕೆಂಪು ಎಲ್‌ಇಡಿಯನ್ನೇ ಹಾಕಬೇಕು; ಬಿಳಿಯದು ಹಾಕಿದರೆ ಬೆಳಕು ತಿಳಿಗುಲಾಬಿಯಾಗಿ ಮಂಕು ಬಡಿಯುತ್ತದೆ. ನಂಬರ್ ಪ್ಲೇಟಿನ ಮೇಲೆ ಬೀಳಬೇಕಾದದ್ದು ಬಿಳಿ ಬೆಳಕು, ಆದ್ದರಿಂದ ಅದಕ್ಕೆ ಬೇರೆ ಬಲ್ಬ್ ಬೇಕು. ಬಲ್ಬ್ ಕೊಳ್ಳುವ ಮೊದಲು ಗಾಡಿಯ ಅರ್ಥಿಂಗ್ ಪ್ಲಸ್ಸೋ ಮೈನಸ್ಸೋ ಎಂದು ನೋಡಿಕೊಳ್ಳಬೇಕು. ಎಲ್‌ಇಡಿಗೆ ಅದು ತಿರುಗುಮುರುಗಾದರೆ ಹೊತ್ತುವುದಿಲ್ಲ. ಇಷ್ಟನ್ನೂ ಮಾಡಿ, ಬೇಡವೆನಿಸಿದ ದಿನ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಮೊದಲಿನಂತೆ ಮಾಡಬಹುದು.

ಮರಳಿ ಬಿಚ್ಚಬಹುದಾದ ಬದಲಾವಣೆಯನ್ನು ಧೈರ್ಯವಾಗಿ ಮಾಡಿ ಎಂಬುದೇ ಹಳೆಯ ಗಾಡಿ ಇಟ್ಟುಕೊಂಡವರಿಗೆ ನನ್ನ ಮಾತು. ಗಿಡ್ಡ ಮಡ್‌ಗಾರ್ಡ್ ಬೇಕೆನಿಸಿದರೆ ಹೊಸ ತಗಡಿನಲ್ಲಿ ಬೇರೆಯದನ್ನು ಮಾಡಿಸಿ. ಮೂಲದ್ದನ್ನು ಗ್ರೀಸ್ ಸವರಿ ಬಟ್ಟೆ ಸುತ್ತಿ ಅಟ್ಟದ ಮೇಲಿಡಿ. ತಗಡು ತಟ್ಟಿ ಬಾಗು ತರಬಲ್ಲ ಕೈಗಳು ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಇನ್ನೂ ಇವೆ, ಆದರೆ ಅವರೆಲ್ಲರಿಗೂ ವಯಸ್ಸಾಗಿದೆ. ಅವರು ಕೇಳಿದಷ್ಟು ಕೂಲಿ ಕೊಡಿ, ಪಕ್ಕದಲ್ಲಿ ಕೂತು ಕೆಲಸ ನೋಡಿ, ಅವರ ಹೆಲ್ಪರಿಗೂ ಒಂದು ಕನ್ನಡಕ ಕೊಡಿಸಿ. ಹಿಂದೆ ಕೂರುವವರಿಗೂ ಹಿಂದೆ ಬರುವವರಿಗೂ ಏನು ಬೇಕೆಂದು ಕೇಳಿಕೊಳ್ಳದೆ ಗಾಡಿಯ ಹಿಂಭಾಗಕ್ಕೆ ಗರಗಸ ಇಡಬೇಡಿ.